ಜಾದೂ ತಂತ್ರಗಳನ್ನ ಆ್ಯಪ್ ಡಿಸೈನ್‌ನಲ್ಲಿ ಎಲ್ಲಿವರೆಗೆ ಬಳಸ್ಬಹುದು?

ಮಲ್ನಾಡ್_ಡಿಸೈನರ್:
ನಮಸ್ಕಾರ ಎಲ್ಲರಿಗೂ. ಬಸ್ ಟಿಕೆಟ್ ಆ್ಯಪ್ ಒಂದಕ್ಕೆ ಸ್ಕ್ರೀನ್ ಮಾಡ್ತಿದೀನಿ. ಸರ್ವರ್‌ನಿಂದ ಉತ್ತರ ಬರೋಕೆ ಮೂರ್ನಾಲ್ಕು ಸೆಕೆಂಡ್ ಹಿಡಿಯುತ್ತೆ, ಅದನ್ನ ಕಮ್ಮಿ ಮಾಡೋದು ನನ್ನ ಕೈಲಿಲ್ಲ. ಸ್ಟೇಜ್ ಮ್ಯಾಜಿಕ್ ತತ್ವಗಳನ್ನ ಇಂಟರ್‌ಫೇಸ್‌ಗೆ ತರೋದರ ಬಗ್ಗೆ ಇಂಟರ್‌ಫೇಸ್ ಡಿಸೈನರ್ ಬ್ರೂಸ್ ಟೊಗ್ನಾಝಿನಿ 1993ರಲ್ಲೇ ಪೇಪರ್ ಬರೆದಿದಾರೆ. ಆದ್ರೆ ಜಾದೂಗಾರರ ಹಾಗೆ ಗಮನ ಬೇರೆ ಕಡೆ ಎಳೆಯೋದು ಅಂದ್ರೆ ಲೋಡರ್‌ಗೆ (ಕಾಯೋವಾಗ ತಿರುಗೋ ಚಿಹ್ನೆಗೆ) ಚಂದದ ಅನಿಮೇಷನ್ ಹಾಕೋದಷ್ಟೇನಾ? ಜನಕ್ಕೆ ಮೋಸ ಮಾಡಿದಂಗೆ ಆಗಲ್ವಾ ಅನ್ನೋದೂ ತಲೇಲಿ ಕೊರೀತಿದೆ.

ಇಸ್ಪೀಟ್_ರಾಜ:
ಅನಿಮೇಷನ್ ಕೊನೇಗೆ ನೋಡ್ಕೊಳ್ಳಿ. ಜಾದೂಗಾರ ಛೂ ಮಂತರ್ ಅನ್ನೋ ಹೊತ್ತಿಗೆ ಕೆಲಸ ಯಾವಾಗ್ಲೋ ಮುಗಿದಿರುತ್ತೆ, ನಾಣ್ಯ ಆಗ್ಲೇ ಇನ್ನೊಂದು ಕೈ ಸೇರಿರುತ್ತೆ, ನಾವು ಖಾಲಿ ಮುಷ್ಟಿ ನೋಡ್ತಾ ಕೂತಿರ್ತೀವಿ. ಇನ್‌ಸ್ಟಾಗ್ರಾಮ್ ಶುರುವಿನಲ್ಲೇ ಮಾಡಿದ್ದು ಇದನ್ನೇ: ನೀವು ಕ್ಯಾಪ್ಷನ್ ಟೈಪ್ ಮಾಡ್ತಿರೋವಾಗ್ಲೇ ಹಿಂದ್ಗಡೆ ಫೋಟೋ ಅಪ್‌ಲೋಡ್ ಆಗ್ತಿರುತ್ತೆ, ಶೇರ್ ಒತ್ತಿದ ತಕ್ಷಣ ಹೋಗಿಬಿಡ್ತು ಅನ್ಸುತ್ತೆ. ನೀವೂ ಹಾಗೇ ಮಾಡಿ, ಊರು ಆರಿಸಿದ ಕೂಡ್ಲೇ ಇವತ್ತು ನಾಳೆ ಬಸ್‌ಗಳ ಪಟ್ಟಿ ತರಿಸಿಟ್ಕೊಳ್ಳಿ, ಅವರು ತಾರೀಖು ಮುಟ್ಟೋವಷ್ಟರಲ್ಲಿ ರೆಡಿ ಇರುತ್ತೆ, ಬೇರೆ ತಾರೀಖು ಬೇಕಂದ್ರೆ ಆಗ ತಂದ್ರಾಯ್ತು.

ಗುಂಡಿ_ಒತ್ತು:
ಇದಕ್ಕೆ ಒಂದು ಸೇರಿಸ್ತೀನಿ. ಆ್ಯಪ್, ವೆಬ್‌ಸೈಟ್ ಬಳಸೋಕೆ ಎಷ್ಟು ಸುಲಭ ಅಂತ ಅಧ್ಯಯನ ಮಾಡೋ ತಜ್ಞ ಜೇಕಬ್ ನೀಲ್ಸನ್ ಹೇಳೋ ಲೆಕ್ಕದಲ್ಲಿ 0.1 ಸೆಕೆಂಡ್ ಒಳಗಾದ್ರೆ ತಕ್ಷಣ ಆಯ್ತು ಅನ್ಸುತ್ತೆ, 1 ಸೆಕೆಂಡ್‌ವರೆಗೆ ಯೋಚನೆ ತುಂಡಾಗಲ್ಲ, 10 ದಾಟಿದ್ರೆ ಗಮನ ಬೇರೆಲ್ಲೋ ಹೋಗುತ್ತೆ. ಹಾಗಾಗಿ ಉತ್ತರ ನಾಲ್ಕು ಸೆಕೆಂಡ್ ತಗೊಂಡ್ರೂ ಬಟನ್ ಮಾತ್ರ ಒತ್ತಿದ ಕ್ಷಣಾನೇ ಬಣ್ಣ ಬದಲಾಯಿಸ್ಲಿ, ಇಲ್ದಿದ್ರೆ ಜನ ಮತ್ತೆ ಮತ್ತೆ ಒತ್ತುತಾರೆ.

ಸೀಟ್_ನಂಬರ್_ಏಳು:
ಮೋಸದ ಪ್ರಶ್ನೆಗೆ ಯಾರೂ ಉತ್ತರ ಕೊಡ್ಲಿಲ್ಲ, ನನಗೆ ಅದೇ ಮುಖ್ಯ. ಕೆಲಸ ಹೆಂಗಾಯ್ತು ಅನ್ನೋದನ್ನ ಮುಚ್ಚಿಡಿ, ಏನಾಯ್ತು ಅನ್ನೋದನ್ನ ಮುಚ್ಚಿಡಬೇಡಿ. ಲೈಕ್ ಒತ್ತಿದಾಗ ಸರ್ವರ್ ಒಪ್ಪೋ ಮುಂಚೆನೇ ಹಾರ್ಟ್ ಕೆಂಪಾದ್ರೆ ಯಾರಿಗೂ ನಷ್ಟ ಇಲ್ಲ. ಆದ್ರೆ ಸೀಟು ಸಿಗೋ ಮುಂಚೆನೇ ಹಸಿರು ಟಿಕ್ ತೋರಿಸಿ ಆಮೇಲೆ ಇಲ್ಲ ಅಂದ್ರೆ, ಅಷ್ಟೊತ್ತಿಗೆ ಅವರು ಮನೇಗೆ ಫೋನ್ ಮಾಡಿ ಬರ್ತಿದೀನಿ ಅಂತ ಹೇಳಿರ್ತಾರೆ. ಅಲ್ಲಿ ‘ಸೀಟು ಹಿಡೀತಿದೀವಿ’ ಅಂತ ಇರೋದನ್ನೇ ತೋರಿಸಿ. ಇನ್ನು 2 ಸೀಟ್ ಮಾತ್ರ ಅಂತ ಸುಳ್ಳು ಅವಸರ ಹುಟ್ಟಿಸೋದಂತೂ ಬೇಡ್ವೇ ಬೇಡ, 2023ರ ನವೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಪಟ್ಟಿ ಮಾಡಿದ 13 ಡಾರ್ಕ್ ಪ್ಯಾಟರ್ನ್‌ಗಳಲ್ಲಿ (ಬಳಕೆದಾರರನ್ನ ದಾರಿ ತಪ್ಪಿಸೋ ಡಿಸೈನ್ ತಂತ್ರಗಳಲ್ಲಿ) ಅದೂ ಇದೆ.

ಮಲ್ನಾಡ್_ಡಿಸೈನರ್:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬಸ್ ಪಟ್ಟಿ ಮೊದಲೇ ತರಿಸ್ತೀನಿ, ಸೀಟ್ ಮ್ಯಾಪ್ ಮಾತ್ರ ತೆರೆದಾಗ್ಲೇ ಹೊಸದಾಗಿ ಕೇಳ್ತೀನಿ.