ಪದ ಬೇಕು: ‘ಅಟೋನಲ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಗೆಳೆಯರೇ, ಆಸ್ಟ್ರಿಯಾದ ಸಂಗೀತಕಾರ ಷೋನ್‌ಬರ್ಗ್ ಬಗ್ಗೆ ಒಂದು ಲೇಖನ ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಕೊಡಬೇಕು. ಈ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ: “1908ರ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್‌ನ ಕೊನೆಯ ಭಾಗದಲ್ಲಿ ಅವನು ____ ಸಂಗೀತದ ಹೊಸ್ತಿಲು ದಾಟಿದ.” ‘ಅಪಸ್ವರದ’ ಅಂತ ಬರೆದು ಅಳಿಸಿದೆ. ‘ಶ್ರುತಿರಹಿತ’ ಆಗಬಹುದಾ?

> ‘ಶ್ರುತಿರಹಿತ’ ಆಗಬಹುದಾ?

ಆಗದು. ಶ್ರುತಿ ಇಲ್ಲ ಅಂದರೆ ವಾದ್ಯವನ್ನು ಶ್ರುತಿ ಮಾಡಿಲ್ಲ ಅಂತಲೇ ನಮ್ಮವರಿಗೆ ಅರ್ಥ. ಕ್ವಾರ್ಟೆಟ್‌ನ ಆ ನಾಲ್ಕೂ ತಂತಿವಾದ್ಯ ಸರಿಯಾಗೇ ಇರುತ್ತವೆ. ಅಟೋನಲ್‌ನಲ್ಲಿ ಇಲ್ಲದಿರುವುದು ಆಧಾರ ಷಡ್ಜ, ಉಳಿದ ಸ್ವರಗಳು ಆತುಕೊಳ್ಳುವ ‘ಸ’. ಹನ್ನೆರಡು ಸ್ವರಗಳಲ್ಲಿ ಯಾವುದೂ ‘ಸ’ ಅಲ್ಲ. ಗ್ರಹಭೇದದಲ್ಲಿ ‘ಸ’ ಜಾಗ ಬದಲಿಸುತ್ತದೆ, ಇಲ್ಲಿ ಆ ಜಾಗವೇ ಇಲ್ಲ. ಹಾಗಾಗಿ ‘ನಿರಾಧಾರ ಸಂಗೀತ’. ಅಂದ ಹಾಗೆ ‘ಟೋನ್’ ಗ್ರೀಕಿನ ‘ತೋನೋಸ್’, ಬಿಗಿದು ಎಳೆದದ್ದು ಅಂತ. ಸಂಸ್ಕೃತದ ‘ತನ್’ ಧಾತುವಿಗೆ ನೆಂಟ. ನಮ್ಮ ತಾನ, ತಂತಿ ಎಲ್ಲ ಅದೇ ಬಳಗ.

> ‘ನಿರಾಧಾರ ಸಂಗೀತ’

ನಿರಾಧಾರ ಅನ್ನುವುದು ಆರೋಪಕ್ಕೆ. ಪೇಪರ್ ಓದೋದಿಲ್ವಾ? ಧಾತು ಹಿಡಿದು ಹೊರಟರೆ ಯಾವಾಗಲೂ ಇದೇ ಗತಿ. ಹಾಡುವವರು ‘ಒಂದು ಮನೆ’, ‘ಐದೂವರೆ ಮನೆ’ ಅಂತ ತಾನೇ ಶ್ರುತಿ ಹೇಳುವುದು? ‘ಮನೆಯಿಲ್ಲದ ಸಂಗೀತ’ ಅನ್ನಿ, ಮುಗೀತು.

ಇಬ್ಬರಿಗೂ: ಷೋನ್‌ಬರ್ಗ್‌ಗೇ ‘ಅಟೋನಲ್’ ಹಿಡಿಸುತ್ತಿರಲಿಲ್ಲ. ಸ್ವರಗಳಿಂದಲೇ ಕಟ್ಟಿದ್ದು ಸ್ವರವಿಲ್ಲದ್ದು ಹೇಗಾದೀತು ಅನ್ನುವುದು ಅವನ ತಕರಾರು. ‘ಪ್ಯಾನ್‌ಟೋನಲ್’ (ಎಲ್ಲ ಶ್ರುತಿಗಳನ್ನೂ ಒಳಗೊಂಡದ್ದು) ಎಷ್ಟೋ ವಾಸಿ ಅನ್ನುತ್ತಿದ್ದ. ಅವನೇ ಒಪ್ಪದ ಪದಕ್ಕೆ ಇಲ್ಲಿ ಸುಮ್ನೆ ಕುಸ್ತಿ. ಅಟೋನಲ್ ಅಂತಲೇ ಬಿಡಿ. ಫಿಡಲ್ ಪಿಟೀಲಾಗಲಿಲ್ಲವೇ?

> ಫಿಡಲ್ ಪಿಟೀಲಾಗಲಿಲ್ಲವೇ?

ಆಯಿತು, ಅದಕ್ಕೇ ನಮ್ಮದಾಯಿತು. ‘ಅಟೋನಲ್’ ಏನಾಗಿದೆ? ಬಂದ ಬಟ್ಟೆಯಲ್ಲೇ ನಿಂತಿದೆ. ನೀವು ಎಲ್ಲಕ್ಕೂ ಇದನ್ನೇ ಹೇಳುತ್ತೀರಿ. ಹೋದ ಸಲ ‘ಸಿಂಫನಿ’ಗೂ ಇದನ್ನೇ ಹೇಳಿದ್ದಿರಿ.

ಎಲ್ಲರಿಗೂ ವಂದನೆ. ‘ಮನೆಯಿಲ್ಲದ’ ತುಂಬಾ ಇಷ್ಟವಾಯಿತು. ಆದರೆ ಬರೆದು ಓದಿದರೆ ಬಾಡಿಗೆದಾರರ ಗೋಳಿನಂತೆ ಕೇಳಿತು. ಇನ್ನೊಂದು ತೊಡಕು. ಕ್ವಾರ್ಟೆಟ್‌ನ ಆ ಕೊನೆಯ ಭಾಗದ ಶುರುವಿನಲ್ಲಿ ಆಧಾರ ಯಾವುದೆಂದು ಹೇಳುವ ಶಾರ್ಪ್, ಫ್ಲ್ಯಾಟ್ ಗುರುತೇ ಇಲ್ಲ, ವಾದ್ಯಗಳ ಜೊತೆ ಹಾಡುವವಳು ಬೇರೆ ಗ್ರಹದ ಗಾಳಿ ಸೋಕಿತು ಅನ್ನುತ್ತಾಳೆ, ಎಲ್ಲ ಸರಿ. ಕೊನೆಗೆ ಮಾತ್ರ ಒಂದು ಗೊತ್ತಾದ ಆಧಾರಕ್ಕೆ, ಎಫ್ ಶಾರ್ಪ್ ಮೇಜರ್‌ಗೆ ಬಂದು ನಿಲ್ಲುತ್ತದೆ. ಮನೆ ಸೇರಿದ ಹಾಗೇ ಅಲ್ವಾ? ಸದ್ಯಕ್ಕೆ ‘ಆಧಾರ ಷಡ್ಜವಿಲ್ಲದ’ ಅಂತ ಹಾಕಿದ್ದೇನೆ. ಉದ್ದ ಜಾಸ್ತಿಯಾಯಿತು, ಇರಲಿ.

ಮುಂದಿನ ಪುಟದಲ್ಲಿ ‘ಟೋನ್ ರೋ’ (ಹನ್ನೆರಡೂ ಸ್ವರಗಳನ್ನು ಒಂದು ಕ್ರಮದಲ್ಲಿ ಜೋಡಿಸಿದ್ದು) ಇದೆ. ‘ಸ್ವರಸಾಲು’ ಅಂದರೆ ಯಾರಾದರೂ ಬೈಯುತ್ತೀರಾ?