ಅಪ್‌ಡೇಟ್: ಮಕ್ಕಳ ಜೊತೆ ಬೊಟಾನಿಕಲ್ ಗಾರ್ಡನ್‌ಗೆ ಹೋಗಿ ಬಂದೆವು

ಮೂರು ಮತ್ತು ಆರು ವರ್ಷದ ಮಕ್ಕಳನ್ನು ವಸಂತದಲ್ಲಿ ಬೊಟಾನಿಕಲ್ ಗಾರ್ಡನ್‌ಗೆ ಕರೆದುಕೊಂಡು ಹೋದರೆ ಬೇಜಾರು ಮಾಡಿಕೊಳ್ಳುತ್ತಾರಾ ಎಂದು ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಬೆಳಿಗ್ಗೆ ಬೇಗ ಹೋಗಿ, ಎಲ್ಲವನ್ನೂ ನೋಡುವ ಆಸೆ ಬಿಡಿ ಅಂದಿರಿ. ಹಾಗೇ ಮಾಡಿದೆವು.

ಹೂವಿನ ಸಾಲುಗಳ ಮುಂದೆ ಇಬ್ಬರೂ ಎರಡು ನಿಮಿಷ ನಿಲ್ಲಲಿಲ್ಲ. ನಾನು ಫೋಟೋ ತೆಗೆಯುವಷ್ಟರಲ್ಲಿ ದೊಡ್ಡವನು ಬೆಂಚಿನ ಕೆಳಗಿದ್ದ!

ಗಾಜಿನ ಮನೆಯಲ್ಲಿ ಕಥೆಯೇ ಬೇರೆ. 'ಮುಟ್ಟಿ ನೋಡಿ' ಎಂಬ ಬೋರ್ಡಿನ ಪಕ್ಕ ಮುಟ್ಟಿದರೆ ಮುನಿ ಇತ್ತು. ಚಿಕ್ಕವಳು ಕಿರುಬೆರಳು ತಾಗಿಸಿದಳು. ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಂಡವು. "ಅಮ್ಮಾ, ಅದಕ್ಕೆ ಕೋಪ ಬಂತಾ?" ಕೋಪ ಅಲ್ಲ, ಎಲೆಯ ಬುಡದ ಜೀವಕೋಶಗಳಿಂದ ನೀರು ಹೊರಗೆ ಹೋಗುತ್ತದೆ, ಅದಕ್ಕೇ ಬಾಗುತ್ತದೆ ಎಂದೆ. ದೊಡ್ಡವನು ತಲೆಯಾಡಿಸಿದ, ಅವಳು ಒಪ್ಪಲಿಲ್ಲ. ಮತ್ತೆ ಬಿಚ್ಚಿಕೊಳ್ಳಲು ಹಲವು ನಿಮಿಷ ಬೇಕಲ್ವಾ, ಅಷ್ಟು ಹೊತ್ತೂ ಇಬ್ಬರೂ ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದರು.

ಒಂದು ತಪ್ಪು ನನ್ನದೇ. ಹೊರಗೆ ಚಳಿ ಇದೆ ಎಂದು ಸ್ವೆಟರ್ ಹಾಕಿಸಿದ್ದೆ. ಒಳಗೆ ಸೆಕೆ ಜಾಸ್ತಿ, ಕನ್ನಡಕಕ್ಕೆಲ್ಲ ಹಬೆ. ಎರಡು ಸ್ವೆಟರ್, ಒಂದು ಮಗು, ಎಲ್ಲ ಹೊತ್ತವಳು ನಾನೇ.

ಒಂದೂವರೆ ಗಂಟೆ ಸುತ್ತಾಡಿ ವಾಪಸ್ ಹೊರಟೆವು. ಕೊಳದ ಕಡೆ ಹೋಗಲೇ ಇಲ್ಲ. ಮುಂದಿನ ವಾರ ಅದಕ್ಕೇ ಮತ್ತೆ ಹೋಗುತ್ತಿದ್ದೇವೆ.