ಕೆನಡಾದಲ್ಲಿರುವ ಅಳಿಯ ಮಗಳನ್ನು ಸ್ಪಾನ್ಸರ್ ಮಾಡುವ ಬಗ್ಗೆ

ಪ್ರಶ್ನೆ (ಮಂಡ್ಯ):
ಎಲ್ಲರಿಗೂ ನಮಸ್ಕಾರ. ನನ್ನ ಮಗಳ ಮದುವೆ ಕಳೆದ ಫೆಬ್ರವರಿಯಲ್ಲಿ ಇಲ್ಲಿನ ಕಲ್ಯಾಣ ಮಂಟಪವೊಂದರಲ್ಲಿ ನೆರವೇರಿತು. ಅಳಿಯಂದಿರು ಮೈಸೂರಿನವರು, ಎಕ್ಸ್‌ಪ್ರೆಸ್ ಎಂಟ್ರಿ (ನುರಿತ ಕೆಲಸಗಾರರ ವಲಸೆ ವ್ಯವಸ್ಥೆ) ಮೂಲಕ ಜನವರಿಯಲ್ಲಿ ಕೆನಡಾದ ಪಿಆರ್ (ಕಾಯಂ ವಾಸದ ಹಕ್ಕು) ಪಡೆದು ಈಗ ಬ್ರಾಂಪ್ಟನ್‌ನಲ್ಲಿದ್ದಾರೆ. ಮಗಳನ್ನು ಸ್ಪಾನ್ಸರ್ ಮಾಡಿ, ಅಂದರೆ ಹೊಣೆ ಹೊತ್ತು ಅಲ್ಲಿಗೆ ಕರೆಸಿಕೊಳ್ಳಲು ಅವರ ಸಂಬಳ ಸಾಲದೆಂದು ಏಜೆಂಟರೊಬ್ಬರು ಹೆದರಿಸಿ, ತಮಗೆ ನಾಲ್ಕು ಲಕ್ಷ ಕೊಟ್ಟರೆ ವೀಸಾ ಗ್ಯಾರಂಟಿ ಎನ್ನುತ್ತಿದ್ದಾರೆ. ಹಿರಿಯರು ನೋಡಿ ಮಾಡಿದ ಮದುವೆಯಾದ್ದರಿಂದ ಅದಕ್ಕೆ ಮುಂಚಿನ ಫೋಟೊಗಳು ಹೆಚ್ಚಿಲ್ಲ. ಇದು ತೊಡಕಾಗುತ್ತದೆಯೇ? ಕಾಗದಪತ್ರ ಮುಗಿಯುವವರೆಗೆ ಅಳಿಯಂದಿರು ಕೆಲಸ ಬಿಟ್ಟು ಮೈಸೂರಿಗೆ ಬಂದಿರಬಹುದೇ?

ಉತ್ತರ (ಕುವೆಂಪುನಗರ, ಮೈಸೂರು):
ಸಂಬಳದ ಮಾತು ನಿಜವಲ್ಲ. ಪತಿ ಅಥವಾ ಪತ್ನಿಯನ್ನು ಕರೆಸಿಕೊಳ್ಳುವವರಿಗೆ ಸಾಮಾನ್ಯವಾಗಿ ಕನಿಷ್ಠ ಆದಾಯದ ಮಿತಿಯಿಲ್ಲ. ಆದರೆ ಮಗಳು ಪಿಆರ್ ಪಡೆದ ದಿನದಿಂದ ಮೂರು ವರ್ಷ ಆಕೆಯ ಜೀವನಾವಶ್ಯಕತೆಗಳ ಹೊಣೆ ತಮ್ಮದೆಂದು ಅಳಿಯಂದಿರು ಮುಚ್ಚಳಿಕೆ ಬರೆದುಕೊಡಬೇಕು. ಕೆಲಸ ಬಿಟ್ಟು ಬರುವ ಯೋಚನೆಯನ್ನಂತೂ ಕೈಬಿಡಿ. ವಿದೇಶದಲ್ಲಿದ್ದುಕೊಂಡು ಸ್ಪಾನ್ಸರ್ ಮಾಡುವ ಅವಕಾಶ ಕೆನಡಾದ ಪೌರರಿಗೆ ಮಾತ್ರ ಇದೆ, ಪಿಆರ್ ಇರುವವರು ಅಲ್ಲಿಯೇ ವಾಸವಾಗಿರಬೇಕು. ಹಿರಿಯರು ನಿಶ್ಚಯಿಸಿದ ಮದುವೆ ಎಂಬುದೇ ಅಡ್ಡಿಯಾಗುವುದಿಲ್ಲ. ಲಗ್ನಪತ್ರಿಕೆ, ಎರಡೂ ಮನೆಯವರು ಕಾಣುವ ಧಾರೆಯ ಫೋಟೊಗಳು, ಮದುವೆಯ ನಂತರದ ಕರೆಗಳ ವಿವರ, ಹಣ ಕಳುಹಿಸಿದ ದಾಖಲೆ ಇವನ್ನೆಲ್ಲ ಕೂಡಿಸಿಡಿ.

ಉತ್ತರ (ವಿಜಯನಗರ, ಮೈಸೂರು):
ಮೇಲಿನವರು ಹೇಳಿದ್ದು ಸರಿ, ಆದರೆ ಅದಕ್ಕಿಂತ ಮೊದಲು ಕೇಳಬೇಕಾದದ್ದು ಒಂದಿದೆ. ಮದುವೆಯ ನೋಂದಣಿ ಯಾವ ದಿನಾಂಕದ್ದು? ಮಂಟಪದ ಮದುವೆಗೆ ಮುಂಚೆಯೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿಸುವ ರೂಢಿ ನಮ್ಮ ಕಡೆ ಇರುವುದರಿಂದ ಕೇಳುತ್ತಿದ್ದೇನೆ.

ಪ್ರಶ್ನೆ ಕೇಳಿದವರು:
ಬೀಗರು ಒತ್ತಾಯಿಸಿದ್ದರಿಂದ ನಿಶ್ಚಿತಾರ್ಥ ಮುಗಿದ ಮರುವಾರವೇ, ನವೆಂಬರ್‌ನಲ್ಲಿ ನೋಂದಣಿ ಮಾಡಿಸಿದೆವು. ಅದರಿಂದ ಏನಾಗುತ್ತದೆ?

ಉತ್ತರ (ವಿಜಯನಗರ, ಮೈಸೂರು):
ಹಾಗಿದ್ದರೆ ಅರ್ಜಿ ಹಾಕುವುದನ್ನು ಸದ್ಯಕ್ಕೆ ನಿಲ್ಲಿಸಿ. ಜನವರಿಯಲ್ಲಿ ಪಿಆರ್ ಸಿಗುವ ಮುಂಚೆಯೇ ಮದುವೆ ಆಗಿತ್ತೆಂದು ಆ ನೋಂದಣಿ ಹೇಳುತ್ತದೆ. ಪಿಆರ್ ಪಡೆಯುವ ವೇಳೆಗೆ ಪತ್ನಿಯಿದ್ದು, ಆಕೆಯ ಹೆಸರನ್ನು ತಿಳಿಸದೆ, ವಲಸೆ ಅಧಿಕಾರಿಗಳ ತಪಾಸಣೆಗೂ ಒಳಪಡಿಸದೆ ಇದ್ದರೆ, ಅಲ್ಲಿನ ವಲಸೆ ನಿಯಮಾವಳಿಯ 117(9)(ಡಿ) ವಿಧಿಯಂತೆ ಆಕೆ ಫ್ಯಾಮಿಲಿ ಕ್ಲಾಸ್‌ನಿಂದಲೇ (ಸ್ಪಾನ್ಸರ್ ಮಾಡಬಹುದಾದ ಕುಟುಂಬದವರ ವರ್ಗ) ಹೊರಗುಳಿಯುತ್ತಾಳೆ. ಪ್ರಮಾಣಪತ್ರದಲ್ಲಿ ನವೆಂಬರ್ ಇರುವಾಗ ಅದನ್ನು ಮುಚ್ಚಿಟ್ಟು ಫೆಬ್ರವರಿಯೆಂದಷ್ಟೇ ಬರೆಯುವ ಸಲಹೆಯನ್ನು ಏಜೆಂಟರು ಕೊಟ್ಟಾರು. ದಯವಿಟ್ಟು ಒಪ್ಪಬೇಡಿ, ಸುಳ್ಳು ಮಾಹಿತಿ ನೀಡಿದ್ದು ಸಾಬೀತಾದರೆ ಐದು ವರ್ಷ ಪ್ರವೇಶ ನಿಷೇಧವಾಗುತ್ತದೆ. ನಿಮಗೆ ಅನುಕೂಲವಾಗಬಹುದಾದ ಅಂಶವೊಂದಿದೆ: ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಹೇಳುವ ವಿಧಿವಿಧಾನಗಳು ನಡೆಯದೆ ಬರೀ ನೋಂದಣಿಯಿಂದ ಮದುವೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಹಾಗೆ ನೋಡಿದರೆ ಮದುವೆ ಆದದ್ದು ಪಿಆರ್ ಸಿಕ್ಕ ನಂತರ, ಫೆಬ್ರವರಿಯಲ್ಲಿ ಎಂದು ವಾದಿಸಬಹುದು. ಆದರೆ ನೋಂದಣಿಯ ಅರ್ಜಿಯಲ್ಲಿ ಮದುವೆ ಆಗಿಹೋಗಿದೆಯೆಂದು ವಧೂವರರೇ ಸಹಿ ಮಾಡಿರುತ್ತಾರೆ. ಆದ್ದರಿಂದ ಈ ವಾದವನ್ನು ಕೆನಡಾದ ವಲಸೆ ವಕೀಲರೇ ಮಂಡಿಸಬೇಕು. ಅದು ನಿಲ್ಲದಿದ್ದರೆ ಮಾನವೀಯ ನೆಲೆಯಲ್ಲಿ ವಿನಾಯಿತಿ ಕೇಳುವ ದಾರಿ ಕೆನಡಾದ ವಲಸೆ ಕಾಯ್ದೆಯ 25ನೇ ಸೆಕ್ಷನ್‌ನಲ್ಲಿದೆ, ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಅದಕ್ಕೂ ಮುಂಚೆ, ಜನವರಿಯ ಒಳಗೆ ವಲಸೆ ಇಲಾಖೆಗೆ ಮದುವೆಯ ವಿಷಯ ತಿಳಿಸಿದ್ದರೇ ಎಂದು ಅಳಿಯಂದಿರನ್ನು ಇಂದೇ ಕೇಳಿ. ತಿಳಿಸಿದ್ದರೆ ಅದಕ್ಕಾಗಿ ತುಂಬಿದ ವೆಬ್‌ಫಾರ್ಮ್‌ನ (ಆನ್‌ಲೈನ್ ನಮೂನೆ) ಪ್ರತಿಯನ್ನೂ ಇಲಾಖೆಯ ಉತ್ತರವನ್ನೂ ತರಿಸಿಕೊಳ್ಳಿ.